ಕೊನೆಯ ಬಿಲ್ಲೆ ಯಾರದು?

ನಮ್ಮಪ್ಪನ ಹತ್ತಿರ ಒಂದು ಹಿತ್ತಾಳೆ ಬಿಲ್ಲೆ ಇದೆ. ಅಂಗೈ ನಡುವೆ ಸರಿಯಾಗಿ ಕೂರುವಷ್ಟು ಅಗಲ. ಮೇಲೆ ಒಂದು ತೂತು, ಮಧ್ಯದಲ್ಲಿ ಒತ್ತಿದ ನಂಬರು. ಅಂಚೆಲ್ಲ ಸವೆದು ನುಣುಪಾಗಿದೆ. ಅವರು ಹಟ್ಟಿ ಚಿನ್ನದ ಗಣಿಯಲ್ಲಿ ದುಡಿದು ರಿಟೈರ್ ಆದವರು. ಹಳೇ ಬಿಲ್ಲೆಗಳನ್ನು ತೆಗೆದು ಹೊಸವು ಕೊಟ್ಟಾಗ ಕೇಳಿ ಇಟ್ಟುಕೊಂಡದ್ದಂತೆ. ಈಗ ಲಿಂಗಸುಗೂರಿನ ನಮ್ಮ ಮನೆಯಲ್ಲಿ, ಕ್ಯಾಲೆಂಡರ್ ನೇತುಹಾಕುವ ಮೊಳೆಯಲ್ಲೇ ಅದೂ ತೂಗುತ್ತದೆ.

ಲೆಕ್ಕ ತುಂಬಾ ಸರಳ. ಮೇಲೆ ಒಂದು ಬೋರ್ಡು, ಬೋರ್ಡಿನ ತುಂಬ ಕೊಕ್ಕೆ, ಒಂದೊಂದು ಕೊಕ್ಕೆಗೆ ಒಬ್ಬೊಬ್ಬರ ಬಿಲ್ಲೆ. ಕೆಳಗೆ ಇಳಿಯುವಾಗ ನಿನ್ನ ಬಿಲ್ಲೆ ತೆಗೆದು ಜೇಬಿಗೆ ಹಾಕಿಕೊ. ಮೇಲೆ ಬಂದ ಮೇಲೆ ಮತ್ತೆ ಕೊಕ್ಕೆಗೆ ಹಾಕು. ಖಾಲಿ ಕೊಕ್ಕೆ ಅಂದರೆ ಒಬ್ಬ ಮನುಷ್ಯ ನೆಲದ ಕೆಳಗೆ ಇದ್ದಾನೆ ಅಂತ ಅರ್ಥ. ಶಿಫ್ಟ್ ಮುಗಿದು ಬ್ಲಾಸ್ಟಿಂಗ್ ಮಾಡುವ ಮುಂಚೆ ಯಾರೂ ಒಳಗಿಲ್ಲ ಅಂತ ಖಾತ್ರಿ ಆಗಬೇಕಲ್ವಾ? ಅಪ್ಪ ಚಿಕ್ಕಂದಿನಲ್ಲಿ ನಮಗೆ ಹೇಳುತ್ತಿದ್ದದ್ದು ಇಷ್ಟೇ: "ಎಲ್ಲಾ ಬಿಲ್ಲಿ ಬಂದ್ವು ಅಂದ್ರ ಬ್ಲಾಸ್ಟಿಂಗ್. ಒಂದ್ ಕಮ್ಮಿ ಇದ್ರೂ ಇಲ್ಲ."

ಹೋದ ವರ್ಷ ನನ್ನ ಎರಡು ವಾರದ ನಿದ್ದೆ ಕೆಡಿಸಿದ ಒಂದು ಬಗ್ ಈ ಬಿಲ್ಲೆಯನ್ನು ಮತ್ತೆ ನೆನಪಿಗೆ ತಂದಿತು.

ನಾನು ರಾಯಚೂರಿನಲ್ಲಿ ಕೂತು ಒಂದು ಸಣ್ಣ ಕಂಪನಿಗೆ ಎಂಬೆಡೆಡ್ ಕೆಲಸ, ಅಂದರೆ ಯಂತ್ರಗಳೊಳಗೆ ಕೂರುವ ಪುಟ್ಟ ಕಂಪ್ಯೂಟರುಗಳಿಗೆ ಪ್ರೋಗ್ರಾಂ ಬರೆಯುವ ಕೆಲಸ, ಮಾಡುತ್ತೇನೆ. ಮೆಣಸಿನಕಾಯಿ ಚೀಲ ಇಡುವ ಕೋಲ್ಡ್ ಸ್ಟೋರೇಜ್‌ಗಳಿಗೆ ನಾವೊಂದು ಪೆಟ್ಟಿಗೆ ಮಾಡಿಕೊಡುತ್ತೇವೆ. ಒಳಗೆ ನಾಲ್ಕು ಕೋರಿನ, ಅಂದರೆ ಒಟ್ಟಿಗೆ ನಾಲ್ಕು ಕೆಲಸ ಮಾಡಬಲ್ಲ, ಆರ್ಮ್ ಪ್ರೊಸೆಸರಿನ ಬೋರ್ಡು. ಅದು ಕೋಣೆಯ ಉಷ್ಣತೆ ಅಳೆಯುತ್ತದೆ. ಜೊತೆಗೆ ಅಮೋನಿಯಾ ಕಂಪ್ರೆಸರ್ ಹೇಗೆ ನಡುಗುತ್ತಿದೆ ಅಂತ ಸೆಕೆಂಡಿಗೆ ಸಾವಿರಾರು ಸಲ ನೋಡುತ್ತದೆ. ಬೇರಿಂಗ್ ಸವೆಯುತ್ತಿದ್ದರೆ ಆ ನಡುಕದಲ್ಲೇ ಮೊದಲು ಗೊತ್ತಾಗುವುದು. ರಾಯಚೂರಿನ ಮೇ ತಿಂಗಳಲ್ಲಿ ಕಂಪ್ರೆಸರ್ ನಿಂತರೆ ರೈತರ ವರ್ಷದ ದುಡಿಮೆ ಒಳಗೇ ಕೆಡುತ್ತದೆ. ಹಾಗಾಗಿ ಆ ಪೆಟ್ಟಿಗೆ ಸುಳ್ಳು ಹೇಳಬಾರದು, ಸುಮ್ಮನಾಗಬಾರದು.

ಅದು ಎರಡನ್ನೂ ಮಾಡುತ್ತಿತ್ತು. ಮೂರು ನಾಲ್ಕು ದಿನಕ್ಕೊಮ್ಮೆ ತಾನೇ ಸತ್ತು ತಾನೇ ಎದ್ದು ಕೂರುತ್ತಿತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದೇ ಪ್ರೋಗ್ರಾಂ ವಾರಗಟ್ಟಲೆ ಓಡಿದರೂ ಏನೂ ಆಗುತ್ತಿರಲಿಲ್ಲ.

ಒಳಗಿನ ಕೆಲಸ ಹೀಗಿದೆ. ಸೆನ್ಸರ್‌ನಿಂದ ಬಂದ ಅಳತೆಗಳು ಮೆಮೊರಿಯಲ್ಲಿ ಅವನ್ನು ತಾತ್ಕಾಲಿಕವಾಗಿ ಇಡುವ ಜಾಗಕ್ಕೆ, ಒಂದು ಬಫರ್‌ಗೆ ತುಂಬುತ್ತವೆ. ಆ ಒಂದೇ ಬಫರನ್ನು, ಪ್ರೋಗ್ರಾಂ ಒಳಗೆ ಒಟ್ಟೊಟ್ಟಿಗೆ ಓಡುವ ಮೂರು ಥ್ರೆಡ್‌ಗಳು ಬಳಸುತ್ತವೆ. ಒಂದು ಮೆಮೊರಿ ಕಾರ್ಡಿಗೆ ಬರೆಯುತ್ತದೆ, ಒಂದು ಸರ್ವರಿಗೆ ಕಳಿಸುತ್ತದೆ, ಇನ್ನೊಂದು ಗೋಡೆ ಮೇಲಿನ ಡಿಸ್‌ಪ್ಲೇಗೆ ಕೊಡುತ್ತದೆ. ಮೂವರದ್ದೂ ಮುಗಿದ ಮೇಲೆ ಬಫರನ್ನು ವಾಪಸ್ ಕೊಡಬೇಕು. ಯಾರು ಕೊಡಬೇಕು? ಮೂವರಲ್ಲಿ ಯಾರು ಕೊನೆಗೆ ಮುಗಿಸುತ್ತಾರೋ ಅವರು. ಅದು ಯಾರು ಅಂತ ಮುಂಚೆ ಹೇಳಲು ಬರುವುದಿಲ್ಲ. ಅದಕ್ಕೇ ಎಣಿಕೆ. ಬಫರಿನ ತಲೆಯಲ್ಲೇ ಒಂದು ಸಂಖ್ಯೆ, ಶುರುವಿನಲ್ಲಿ 3. ಮುಗಿಸಿದವರು ಒಂದು ಕಳೆಯುತ್ತಾರೆ. ಸೊನ್ನೆ ಆದಾಗ ಫ್ರೀ. ಇದನ್ನು ರೆಫರೆನ್ಸ್ ಕೌಂಟಿಂಗ್ ಅನ್ನುತ್ತಾರೆ. 1960ರಲ್ಲಿ ಜಾರ್ಜ್ ಕಾಲಿನ್ಸ್ ಲಿಸ್ಟ್‌ಗಳ ಸಲುವಾಗಿ ಬರೆದಿಟ್ಟ ಉಪಾಯ. ಸಿ ಪ್ಲಸ್ ಪ್ಲಸ್‌ನ ಶೇರ್ಡ್ ಪಾಯಿಂಟರ್, ರಸ್ಟ್‌ನ ಆರ್ಕ್, ಸ್ವಿಫ್ಟ್, ಪೈಥಾನ್ ಮುಂತಾದ ಪ್ರೋಗ್ರಾಮಿಂಗ್ ಭಾಷೆಗಳು, ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್, ಎಲ್ಲದರ ಹೊಟ್ಟೆಯೊಳಗೂ ಇವತ್ತಿಗೂ ಇದೇ ಕೂತಿದೆ.

ಬರೀ ಒಂದು ಕಳೆಯುವುದು ಅಂದರೂ ಪ್ರೊಸೆಸರಿಗೆ ಅದು ಮೂರು ಹೆಜ್ಜೆ. ಓದು, ಕಳೆ, ಬರೆ. ಇಬ್ಬರು ಒಟ್ಟಿಗೆ 2 ಅಂತ ಓದಿ, ಇಬ್ಬರೂ 1 ಅಂತ ಬರೆದರೆ ಒಂದು ಬಿಲ್ಲೆ ಗಾಳಿಗೆ ಹೋಯಿತು. ಅದಕ್ಕಾಗಿ ಅಟಾಮಿಕ್ ಸೂಚನೆಗಳಿವೆ. ಓದಿ ಕಳೆದು ಬರೆಯುವುದನ್ನು ನಡುವೆ ಯಾರೂ ನುಗ್ಗದಂತೆ ಒಂದೇ ಏಟಿಗೆ ಮುಗಿಸುತ್ತವೆ. ಇಂಟೆಲ್ ಪ್ರೊಸೆಸರಿನಲ್ಲಿ ಸೂಚನೆಯ ಮುಂದೆ ಲಾಕ್ ಅಂತ ಸೇರಿಸುತ್ತಾರೆ. ಆರ್ಮ್‌ನಲ್ಲಿ ಮೊದಲು ಓದಿ ಬರೆದು, ನಡುವೆ ಯಾರಾದರೂ ಮುಟ್ಟಿದ್ದರೆ ಮತ್ತೆ ಮಾಡುವ ಸುತ್ತು ಇತ್ತು. ಆರ್ಮ್ 8.1ರಿಂದ ಅದಕ್ಕೂ ಒಂದೇ ಸೂಚನೆ ಬಂದಿದೆ. ಇಷ್ಟು ನನಗೆ ಗೊತ್ತಿತ್ತು. ನನ್ನ ಎಣಿಕೆ ಅಟಾಮಿಕ್ ಆಗಿಯೇ ಇತ್ತು. ಆದರೂ ಪೆಟ್ಟಿಗೆ ಸಾಯುತ್ತಿತ್ತು.

ಒಂದು ಶನಿವಾರ ಬೋರ್ಡನ್ನು ಬ್ಯಾಗಿಗೆ ಹಾಕಿಕೊಂಡು ಊರಿಗೆ ಹೋದೆ. ರಾತ್ರಿ ಊಟ ಆದ ಮೇಲೆ ಅಪ್ಪ ಪಕ್ಕದಲ್ಲಿ ಬಂದು ಕೂತರು.

"ಏನವ್ವಾ, ಊಟದಾಗೂ ಅದನ್ನ ನೋಡಾಕತ್ತಿದ್ದಿ?"

ಬಿಲ್ಲೆಯ ಲೆಕ್ಕ ಅಂತ ಹೇಳಿದೆ. ಅವರ ಕಣ್ಣು ಅರಳಿತು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬೋರ್ಡು, ಕೊಕ್ಕೆ, ಮೂರು ಜನ, ಎಲ್ಲ ಬರೆದೆ. ನನ್ನ ಪ್ರೋಗ್ರಾಂ ಮಾಡುವುದನ್ನು ಒಂದೊಂದಾಗಿ ಹೇಳಿದೆ. ಮುಗಿಸಿದವನು ಬಂದು ಬಿಲ್ಲೆ ಹಾಕುತ್ತಾನೆ. ಆಮೇಲೆ ತಲೆ ಎತ್ತಿ ಬೋರ್ಡ್ ನೋಡುತ್ತಾನೆ. ಕೊಕ್ಕೆ ಎಲ್ಲ ತುಂಬಿದ್ದರೆ, ನಾನೇ ಕೊನೆಯವನು ಅಂದುಕೊಂಡು ಬ್ಲಾಸ್ಟಿಂಗ್‌ಗೆ ಹೇಳುತ್ತಾನೆ.

ಇಷ್ಟು ಬರೆದು ಹೇಳುವಾಗಲೇ ನನಗೆ ಕಂಡಿತು. ಹಾಕುವುದು ಬೇರೆ ಹೆಜ್ಜೆ, ನೋಡುವುದು ಬೇರೆ ಹೆಜ್ಜೆ. ಇಬ್ಬರು ಒಬ್ಬರ ಹಿಂದೊಬ್ಬರು ಬಿಲ್ಲೆ ಹಾಕಿ, ಆಮೇಲೆ ಇಬ್ಬರೂ ತಲೆ ಎತ್ತಿದರೆ ಇಬ್ಬರಿಗೂ ತುಂಬಿದ ಬೋರ್ಡೇ ಕಾಣುತ್ತದೆ. ಇಬ್ಬರೂ ತಾವೇ ಕೊನೆಯವರು ಅಂದುಕೊಳ್ಳುತ್ತಾರೆ. ಒಂದೇ ಬಫರನ್ನು ಎರಡು ಸಲ ಫ್ರೀ ಮಾಡುತ್ತಾರೆ. ಅದಕ್ಕಿಂತ ಕೆಟ್ಟದ್ದೂ ಆಗಬಹುದು. ನಾನು ತಲೆ ಎತ್ತುವಷ್ಟರಲ್ಲಿ ಇನ್ನೊಬ್ಬ ಫ್ರೀ ಮಾಡಿಬಿಟ್ಟಿದ್ದರೆ, ನಾನು ನೋಡುತ್ತಿರುವ ಬೋರ್ಡೇ ಅಲ್ಲಿಲ್ಲ.

ಕಳೆಯುವ ಅಟಾಮಿಕ್ ಸೂಚನೆ ಬರಿಗೈಯಲ್ಲಿ ಬರುವುದಿಲ್ಲ. ಕಳೆಯುವ ಮುಂಚೆ ಎಷ್ಟಿತ್ತು ಅನ್ನುವುದನ್ನು ಕೈಗೆ ಕೊಡುತ್ತದೆ. ಆ ಉತ್ತರ 1 ಅಂತ ಬಂದರೆ ನಾನೇ ಕೊನೆಯವಳು. ಮೂವರಲ್ಲಿ ಒಬ್ಬರಿಗೆ ಮಾತ್ರ ಆ 1 ಸಿಗುತ್ತದೆ, ಇಬ್ಬರಿಗೆ ಸಿಗಲು ಸಾಧ್ಯವೇ ಇಲ್ಲ. ಬೋರ್ಡನ್ನು ಮತ್ತೆ ನೋಡುವ ಅಗತ್ಯವೇ ಇರಲಿಲ್ಲ. ನಾನು ಆ ಉತ್ತರವನ್ನು ಎಸೆದು, ಮುಂದಿನ ಸಾಲಿನಲ್ಲಿ ಮತ್ತೆ ಓದುತ್ತಿದ್ದೆ. ಅಲ್ಲೇ ಕೂತು ತಿದ್ದಿದೆ.

ಅಪ್ಪ ಇನ್ನೂ ಹಾಳೆ ನೋಡುತ್ತಿದ್ದರು. ನಿಧಾನಕ್ಕೆ ಕೇಳಿದರು. "ಬಿಲ್ಲಿ ಹಾಕಿದ ಮ್ಯಾಲೆ ಯಾವನರ ಹೊಳ್ಳಿ ಒಳಗ ಹೋಗ್ತಾನೇನು? ನಮ್ಮಲ್ಲಿ ಹೊಸಾ ಹುಡುಗ್ರಿಗೆ ಇದನ್ನ ಎಷ್ಟ್ ಸಲ ಹೇಳಬೇಕಿತ್ತು. ಟಿಫಿನ್ ಡಬ್ಬಿ ಮರತ್ರೂ ಬಿಡು, ನಾಳಿ ತಗೋ. ಬಿಲ್ಲಿ ಹಾಕಿದಿ ಅಂದ್ರ ನೀ ಹೊರಗ ಅಂತ ಲೆಕ್ಕ."

ಇಲ್ಲ ಅಪ್ಪಾ, ನನ್ನ ಪ್ರೋಗ್ರಾಂನಲ್ಲಿ ಹಾಗಿಲ್ಲ ಅಂದೆ. ಪ್ರತಿ ಥ್ರೆಡ್ಡೂ ಮೊದಲು ಕೆಲಸ ಮುಗಿಸುತ್ತದೆ, ಬಫರಿನ ಮೇಲೆ ತನ್ನ ಗುರುತು ಹಾಕುತ್ತದೆ, ಆಮೇಲೇ ಎಣಿಕೆ ಕಳೆಯುತ್ತದೆ. ಸಾಲುಗಳು ಅದೇ ಕ್ರಮದಲ್ಲಿ ಬರೆದಿವೆ. ನನಗೆ ಅದರಲ್ಲಿ ಪೂರ್ತಿ ನಂಬಿಕೆ ಇತ್ತು.

ಸೋಮವಾರ ಹೊಸ ಪ್ರೋಗ್ರಾಂ ಹಾಕಿದೆವು. ಪೆಟ್ಟಿಗೆ ಸಾಯುವುದು ನಿಂತಿತು. ಎರಡನೇ ವಾರಕ್ಕೆ ಇನ್ನೊಂದು ಕಣ್ಣಿಗೆ ಬಿತ್ತು. ಕಾರ್ಡಿನಲ್ಲಿರುವ ಅಳತೆಗಳಲ್ಲಿ ಎಲ್ಲೋ ಒಂದೆರಡು ಸರ್ವರಿನಲ್ಲಿ ಇರಲಿಲ್ಲ. ಲಕ್ಷಗಟ್ಟಲೆ ಬಫರ್ ಹೋದ ಮೇಲೆ ಒಂದು. ಪೆಟ್ಟಿಗೆಯ ದಾಖಲೆ ನೋಡಿದರೆ ಅದರ ಮೇಲೆ "ಕಳಿಸಿದ್ದಾಗಿದೆ" ಅನ್ನುವ ಗುರುತು ಇದೆ. ಕಳಿಸಿಯೇ ಇಲ್ಲ. ಗುರುತು ಹಾಕಿದ್ದು ಯಾರು?

ಅಪ್ಪ ಕೇಳಿದ ಪ್ರಶ್ನೆ ಆಗ ಮತ್ತೆ ಕಿವಿಯಲ್ಲಿ ಕೇಳಿಸಿತು.

ನಾನು ಬರೆದ ಕ್ರಮ ಪ್ರೊಸೆಸರ್ ನಡೆಯುವ ಕ್ರಮ ಆಗಿರಬೇಕಿಲ್ಲ. ಆರ್ಮ್‌ನಂಥ ಪ್ರೊಸೆಸರಿನಲ್ಲಿ ಒಂದು ಕೋರ್ ಮಾಡಿದ ಎರಡು ಬರಹಗಳು ಇನ್ನೊಂದು ಕೋರಿಗೆ ಹಿಂದುಮುಂದಾಗಿ ಕಾಣಬಹುದು. ಮೊದಲು ಗುರುತು, ಆಮೇಲೆ ಬಿಲ್ಲೆ ಅಂತ ನಾನು ಬರೆದಿದ್ದೆ. ಬಿಲ್ಲೆ ಕೊಕ್ಕೆಗೆ ಬಿದ್ದದ್ದು ಮೊದಲು ಕಂಡು, ಗುರುತು ಚೂರು ತಡವಾಗಿ ತಲುಪಿತು. ಆ ಚೂರು ಸಮಯದಲ್ಲಿ ಇನ್ನೊಂದು ಥ್ರೆಡ್ ಕೊನೆಯ ಬಿಲ್ಲೆ ಹಾಕಿ, ಬಫರನ್ನು ವಾಪಸ್ ಕೊಟ್ಟು, ಅದೇ ಜಾಗಕ್ಕೆ ಹೊಸ ಅಳತೆ ತುಂಬಿಯಾಗಿತ್ತು. ನಮ್ಮ ಬಫರ್‌ಗಳ ರಾಶಿ ತುಂಬಾ ಚಿಕ್ಕದು, ಈಗಷ್ಟೇ ಬಿಟ್ಟದ್ದನ್ನೇ ತಕ್ಷಣ ಮತ್ತೆ ಕೊಡುತ್ತದೆ. ತಡವಾಗಿ ಬಂದ ಹಳೇ ಗುರುತು ಹೊಸ ಅಳತೆಯ ಮೇಲೆ ಕೂತಿತು. ಕಳಿಸುವ ಥ್ರೆಡ್ ಅದನ್ನು ನೋಡಿ, ಆಗಲೇ ಹೋಗಿದೆ ಅಂದುಕೊಂಡು ಬಿಟ್ಟುಬಿಟ್ಟಿತು. ಬಿಲ್ಲೆ ಹಾಕಿದ ಮೇಲೆ ಒಬ್ಬ ಹೊಳ್ಳಿ ಒಳಗೆ ಹೋಗಿದ್ದ.

ತಪ್ಪು ಒಂದು ಪದದಲ್ಲಿತ್ತು. ಅಟಾಮಿಕ್ ಸೂಚನೆ ಬರೆಯುವಾಗ ಸುತ್ತಲಿನ ಬರಹಗಳ ಕ್ರಮ ಎಷ್ಟು ಬಿಗಿಯಾಗಿರಬೇಕು ಅಂತಲೂ ಹೇಳಬೇಕು. ನಾನು ಎಲ್ಲ ಕಡೆ ರಿಲ್ಯಾಕ್ಸ್ಡ್ ಅಂತ ಹಾಕಿದ್ದೆ. ಅದರರ್ಥ, ಸಂಖ್ಯೆ ಮಾತ್ರ ಸರಿ ಇರಲಿ, ಅಕ್ಕಪಕ್ಕದ ಕ್ರಮ ನನಗೆ ಬೇಡ. ಬಿಲ್ಲೆ ತೆಗೆದುಕೊಳ್ಳುವಾಗ ಇದು ಸಾಕು. ಒಳಗೆ ಹೋಗುವವನಿಗೆ ಆಗಲೇ ಒಂದು ಹಕ್ಕು ಇರುತ್ತದೆ, ಅವನು ಏನನ್ನೂ ಮುಗಿಸುತ್ತಿಲ್ಲ. ಬಿಡುವಾಗ ಸಾಲದು. ಕಳೆಯುವ ಸೂಚನೆಗೆ ರಿಲೀಸ್ ಬೇಕು: ಇದಕ್ಕೂ ಮುಂಚೆ ನಾನು ಮಾಡಿದ್ದೆಲ್ಲ ಮುಗಿದು ಕಾಣಲಿ, ಆಮೇಲೇ ಬಿಲ್ಲೆ ಕಾಣಲಿ. ಕೊನೆಯವನಿಗೆ, ಅಂದರೆ ಆ 1 ಸಿಕ್ಕವನಿಗೆ, ಫ್ರೀ ಮಾಡುವ ಮುಂಚೆ ಅಕ್ವೈರ್ ಬೇಕು: ಉಳಿದವರು ಮುಗಿಸಿದ್ದೆಲ್ಲ ನನಗೆ ಕಾಣಲಿ, ಆಮೇಲೇ ನಾನು ಮುಟ್ಟುತ್ತೇನೆ. ಎರಡೂ ಜೋಡಿ. ಒಂದೇ ಇದ್ದರೆ ಉಪಯೋಗವಿಲ್ಲ. ರಸ್ಟ್‌ನ ಆರ್ಕ್ ತೆರೆದು ನೋಡಿದರೆ ಸರಿಯಾಗಿ ಇದೇ ಇದೆ. ಪ್ರತಿ ಮಾಡುವಾಗ ರಿಲ್ಯಾಕ್ಸ್ಡ್, ಬಿಡುವಾಗ ರಿಲೀಸ್, ಕೊನೆಯದಾದರೆ ಮಾತ್ರ ಅಕ್ವೈರ್.

ಲ್ಯಾಪ್‌ಟಾಪಿನಲ್ಲಿ ಇದು ಯಾಕೆ ಕಾಣಲಿಲ್ಲ ಅನ್ನುವುದಕ್ಕೂ ಉತ್ತರ ಸಿಕ್ಕಿತು. ಇಂಟೆಲ್‌ನ ಲಾಕ್ ಸೂಚನೆ ಕೇಳದಿದ್ದರೂ ಬರಹಗಳ ಕ್ರಮ ಹಿಂದುಮುಂದಾಗದಂತೆ ಪೂರ್ತಿ ಬೇಲಿ ಹಾಕುತ್ತದೆ. ನಾನು ರಿಲ್ಯಾಕ್ಸ್ಡ್ ಅಂತ ಬರೆದರೂ ಅಲ್ಲಿ ಪುಕ್ಕಟೆಯಾಗಿ ಬಿಗಿ ಸಿಗುತ್ತಿತ್ತು. ಆರ್ಮ್ ನಾನು ಕೇಳಿದಷ್ಟೇ ಕೊಟ್ಟಿತು. ಎಣಿಕೆಯ ಭಾಗವನ್ನಷ್ಟೇ ಕಿತ್ತು ಒಂದು ಪರೀಕ್ಷೆ ಬರೆದು ಆರ್ಮ್ ಬೋರ್ಡಿನ ಮೇಲೆ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ನೋಡಿದರೆ ತಪ್ಪು ಗುರುತು ಕಣ್ಣೆದುರಿಗೇ ಇತ್ತು. ಪದ ಬದಲಿಸಿ ಮತ್ತೆ ರಾತ್ರಿಯಿಡೀ ಓಡಿಸಿದೆ. ಬರಲಿಲ್ಲ. ಬರಲಿಲ್ಲ ಅನ್ನುವುದು ಪುರಾವೆ ಅಲ್ಲ ಅಂತ ಆಗ ನನಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೆ ಕಾಗದದ ಮೇಲೆ ಕ್ರಮ ಬರೆದು, ಯಾವುದು ಯಾವುದರ ಮುಂಚೆ ಅಂತ ಬಾಣ ಎಳೆದು ನೋಡಿಯೇ ಮುಂದೆ ಹೋದೆ. ಈ ಕೆಲಸದಲ್ಲಿ ನಾನು ಕಾಗದವನ್ನೇ ಜಾಸ್ತಿ ನಂಬುತ್ತೇನೆ.

ಅಪ್ಪನ ಇನ್ನೊಂದು ಮಾತು ನನಗೆ ಇಡೀ ವಿಷಯದಲ್ಲೇ ದೊಡ್ಡದು ಅನ್ನಿಸುತ್ತದೆ. ಒಂದು ಬಿಲ್ಲೆ ಕಳೆದೇ ಹೋದರೆ ಏನು ಮಾಡುತ್ತಿದ್ದಿರಿ ಅಂತ ಕೇಳಿದ್ದೆ. ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಆ ಮನಿಷಾ ಕಣ್ಣಿಗೆ ಬೀಳೋತನಾ ಬ್ಲಾಸ್ಟಿಂಗ್ ಇಲ್ಲ. ಶಿಫ್ಟ್ ಹಾಳಾದ್ರ ಆಗ್ಲಿ." ಅಂದರೆ ಲೆಕ್ಕದಲ್ಲಿ ಅನುಮಾನ ಬಂದರೆ ಕೆಲಸ ಕೆಡಬೇಕು, ಜೀವ ಹೋಗಬಾರದು.

ಲಿನಕ್ಸ್ ಕರ್ನಲ್ ಈ ಪಾಠಕ್ಕೆ ದುಬಾರಿ ಬೆಲೆ ಕೊಟ್ಟಿದೆ. 2016ರ ಜನವರಿಯಲ್ಲಿ ಪರ್ಸೆಪ್ಷನ್ ಪಾಯಿಂಟ್ ಎಂಬ ಸಂಸ್ಥೆಯವರು ಕರ್ನಲ್ಲಿನ ಭದ್ರತೆಯ ಒಂದು ತೂತು ಹೊರಗೆ ತಂದರು. ಸಿವಿಇ 2016-0728 ಅಂತ ಅದರ ಗುರುತು. ಕರ್ನಲ್ ಕೀಲಿಗಳನ್ನು ಇಡುವ ಒಂದು ಗೊಂಚಲು ಇದೆ, ಕೀರಿಂಗ್. ಒಂದು ಪ್ರೋಗ್ರಾಂ ತಾನು ಆಗಲೇ ಬಳಸುತ್ತಿರುವ ಕೀರಿಂಗನ್ನೇ ಮತ್ತೆ ಕೇಳಿದರೆ, ಎಣಿಕೆ ಒಂದು ಏರುತ್ತಿತ್ತು, ಇಳಿಯುತ್ತಿರಲಿಲ್ಲ. ಬಿಲ್ಲೆ ತೆಗೆದದ್ದುಂಟು, ಹಾಕಿದ್ದಿಲ್ಲ. ಬರೀ ಇಷ್ಟೇ ಆಗಿದ್ದರೆ ಸ್ವಲ್ಪ ಮೆಮೊರಿ ಸೋರುತ್ತಿತ್ತು, ಅಷ್ಟೇ. ಆದರೆ ಎಣಿಕೆ 32 ಬಿಟ್ಟಿನದು. 429 ಕೋಟಿ 49 ಲಕ್ಷ 67 ಸಾವಿರದ 296 ಸಲ ಏರಿಸಿದರೆ ಹಳೇ ಸ್ಕೂಟರಿನ ಮೀಟರಿನ ಹಾಗೆ ಸುತ್ತಿ ಮತ್ತೆ ಸೊನ್ನೆಗೆ ಬರುತ್ತದೆ. ಸೊನ್ನೆ ಅಂದರೆ ಯಾರೂ ಒಳಗಿಲ್ಲ. ಕರ್ನಲ್ ಆ ಜಾಗವನ್ನು ಬಿಟ್ಟುಕೊಡುತ್ತದೆ. ಒಳಗೆ ಇನ್ನೂ ಜನ ಇದ್ದಾರೆ. ಆ ಜಾಗಕ್ಕೆ ದಾಳಿ ಮಾಡುವವರು ತಮಗೆ ಬೇಕಾದ್ದು ತುಂಬಿ ರೂಟ್ ಅಧಿಕಾರ, ಅಂದರೆ ಇಡೀ ಯಂತ್ರದ ಹಿಡಿತ, ಪಡೆಯಬಹುದಿತ್ತು. ಅಷ್ಟು ಕೋಟಿ ಸಲ ಏರಿಸಲು ಅವರ ಇಂಟೆಲ್ ಐ7 ಯಂತ್ರದಲ್ಲಿ ಹಿಡಿದದ್ದು ಸುಮಾರು ಅರ್ಧ ಗಂಟೆ.

ಆಗಲೂ ಎಣಿಕೆ ಅಟಾಮಿಕ್ ಆಗಿಯೇ ಇತ್ತು. ಒಂದೊಂದು ಏರಿಕೆಯೂ ಸರಿಯಾಗಿಯೇ ಆಗಿತ್ತು. ಅದಕ್ಕೇ 2017ರಲ್ಲಿ 4.11ನೇ ಕರ್ನಲ್‌ಗೆ ರೆಫ್‌ಕೌಂಟ್ ಟಿ ಅನ್ನುವ ಬೇರೆಯದೇ ಜಾತಿಯ ಎಣಿಕೆ ಬಂತು. ಇದು ಬರೀ ಸಂಖ್ಯೆ ಅಲ್ಲ, ತನ್ನ ಕೆಲಸ ಏನು ಅಂತ ತಿಳಿದಿರುವ ಸಂಖ್ಯೆ. ಉಕ್ಕುವ ಹಂತಕ್ಕೆ ಬಂದರೆ ಒಂದು ದೊಡ್ಡ ಅಂಕಿಗೆ ಅಂಟಿಕೊಂಡು ಕೂರುತ್ತದೆ. ಆಮೇಲೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆ ವಸ್ತು ಎಂದಿಗೂ ಫ್ರೀ ಆಗುವುದಿಲ್ಲ. ಮೆಮೊರಿ ಸೋರುತ್ತದೆ, ಲಾಗ್‌ನಲ್ಲಿ ಎಚ್ಚರಿಕೆ ಬರುತ್ತದೆ, ಆದರೆ ಒಳಗಿರುವವರ ತಲೆ ಮೇಲೆ ಗಣಿ ಬೀಳುವುದಿಲ್ಲ. ಶಿಫ್ಟ್ ಹಾಳಾದರೆ ಆಗಲಿ. ಸೊನ್ನೆಗೆ ಇಳಿದದ್ದನ್ನು ಮತ್ತೆ ಏರಿಸಲು ಹೋದರೂ ಅದು ಬೈಯುತ್ತದೆ. ಸೊನ್ನೆ ಆದ ಮೇಲೆ ಬ್ಲಾಸ್ಟಿಂಗ್ ಶುರುವಾಗಿದೆ, ಈಗ ಬಿಲ್ಲೆ ತಗೊಂಡು ಎಲ್ಲಿಗೆ ಹೋಗುತ್ತೀಯ? ರಸ್ಟ್‌ನ ಆರ್ಕ್ ಇದೇ ಭಯಕ್ಕೆ ಇನ್ನೊಂದು ದಾರಿ ಹಿಡಿದಿದೆ. ಎಣಿಕೆ ಮಿತಿ ದಾಟಿದರೆ ಇಡೀ ಪ್ರೋಗ್ರಾಂ ಅಲ್ಲೇ ನಿಲ್ಲುತ್ತದೆ. ಕರ್ನಲ್ ಹಾಗೆ ನಿಲ್ಲುವಂತಿಲ್ಲ, ಅದಕ್ಕೆ ಅಂಟಿಕೊಂಡು ಕೂರುವುದು. ನನ್ನ ಎಣಿಕೆಗೂ ಈಗ ಅಂಟುವ ಗುಣ ಸೇರಿಸಿದ್ದೇನೆ. ಕಂಪ್ರೆಸರ್ ನೋಡುವ ಪೆಟ್ಟಿಗೆ ನಿಲ್ಲುವುದಕ್ಕಿಂತ ಒಂದು ಬಫರ್ ಕಳೆದುಕೊಳ್ಳುವುದು ಒಳ್ಳೆಯದು.

ರಸ್ಟ್ ನನಗೆ ಇಷ್ಟವಾಗುವುದು ಬೇರೆ ಕಾರಣಕ್ಕೆ. ಅಲ್ಲಿ ಎರಡು ಎಣಿಕೆಗಳಿವೆ. ಆರ್‌ಸಿ ಅಂದರೆ ಒಂದೇ ಥ್ರೆಡ್ಡಿನೊಳಗಿನ ಅಗ್ಗದ ಎಣಿಕೆ. ಆರ್ಕ್ ಅಂದರೆ ಅಟಾಮಿಕ್. ಆರ್‌ಸಿಯನ್ನು ಇನ್ನೊಂದು ಥ್ರೆಡ್ಡಿಗೆ ಕಳಿಸಲು ಹೋದರೆ ಕಂಪೈಲರ್ ಬಿಡುವುದೇ ಇಲ್ಲ. ಪ್ರೋಗ್ರಾಂ ಹುಟ್ಟುವುದೇ ಇಲ್ಲ. ಆರ್ಕ್ ಕೊಟ್ಟರೂ ಸುಮ್ನೆ ಒಳಗೆ ಬರೆಯಲು ಬರುವುದಿಲ್ಲ. ಹಂಚಿಕೊಂಡದ್ದನ್ನು ಓದಬಹುದು, ಬರೆಯಬೇಕಾದರೆ ಬೀಗ ಹಾಕಿ, ಇಲ್ಲವೇ ಅಟಾಮಿಕ್ ಆಗಿ ಬರೆಯಬೇಕು. ಆರ್ಕ್‌ನ ಹೊಟ್ಟೆಯಲ್ಲಿ ಅಪಾಯದ ಕೋಡ್ ಇದ್ದೇ ಇದೆ. ಆದರೆ ಅದು ಒಂದೇ ಜಾಗದಲ್ಲಿದೆ, ಬಹಳ ಜನ ಕಣ್ಣಿಟ್ಟು ನೋಡಿದ್ದಾರೆ. ನಾನು ಮಾಡಿದ ಎರಡು ತಪ್ಪುಗಳನ್ನು ಅಲ್ಲಿ ಪ್ರತಿಯೊಬ್ಬರೂ ಹೊಸದಾಗಿ ಮಾಡಬೇಕಿಲ್ಲ. ನಮ್ಮ ಪೆಟ್ಟಿಗೆಯ ಹಳೇ ಕೋಡ್ ಸಿಯಲ್ಲಿದೆ, ಸದ್ಯಕ್ಕೆ ಅಲ್ಲೇ ಇರುತ್ತದೆ. ಹೊಸ ಭಾಗಗಳನ್ನು ರಸ್ಟ್‌ನಲ್ಲಿ ಬರೆಯಲು ಕೇಳಿದ್ದೇನೆ.

ಎರಡು ವಸ್ತುಗಳು ಒಂದನ್ನೊಂದು ಹಿಡಿದು ಕೂತರೆ ಎಣಿಕೆ ಯಾವತ್ತೂ ಸೊನ್ನೆಗೆ ಬರುವುದಿಲ್ಲ. ಇದಕ್ಕೆ ವೀಕ್ ಅಂತ ಎಣಿಕೆಗೆ ಸೇರದ ಇನ್ನೊಂದು ಹಿಡಿತ ಬೇಕು. ನಮ್ಮಲ್ಲಿ ಆ ಪ್ರಸಂಗ ಬಂದಿಲ್ಲ.

ಬೆಲೆಯೂ ಇದೆ. ಒಂದೇ ಎಣಿಕೆಯನ್ನು ನಾಲ್ಕು ಕೋರ್ ಮುಟ್ಟಿದರೆ ಅದಿರುವ ಕ್ಯಾಶ್ ಸಾಲು, ಅಂದರೆ ಕೋರಿನ ಹತ್ತಿರದ ಪುಟ್ಟ ಮೆಮೊರಿಯ ಒಂದು ತುಂಡು, ಒಂದು ಕೋರಿನಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇರುತ್ತದೆ. ಪೈಥಾನ್ ಇಷ್ಟು ವರ್ಷ ಜಿಐಎಲ್ ಅನ್ನುವ ಒಂದೇ ದೊಡ್ಡ ಬೀಗ ಇಟ್ಟುಕೊಂಡಿದ್ದರ ಹಿಂದೆ ಈ ಎಣಿಕೆಯ ಖರ್ಚೂ ಇದೆ. 2024ರ 3.13ರಲ್ಲಿ ಆ ಬೀಗ ಇಲ್ಲದ ಆವೃತ್ತಿಯನ್ನು ಪ್ರಯೋಗಕ್ಕೆ ಬಿಟ್ಟಾಗ, ಯಜಮಾನ ಥ್ರೆಡ್ಡಿಗೆ ಅಗ್ಗದ ಎಣಿಕೆ, ಉಳಿದವರಿಗೆ ಅಟಾಮಿಕ್ ಎಣಿಕೆ ಅಂತ ಎರಡು ಮಾಡಬೇಕಾಯಿತು.

ಮೂರನೆಯ ಜಾಗ ಒಂದಿತ್ತು. ಅದು ಇನ್ನೂ ಕೆಟ್ಟಿರಲಿಲ್ಲ, ಕಾಗದದ ಮೇಲೆ ಬಾಣ ಎಳೆಯುವಾಗ ಸಿಕ್ಕಿದ್ದು. ಎಚ್ಚರಿಕೆ ಕೊಡುವ ಮಿತಿಗಳನ್ನು ಇಟ್ಟ ಒಂದು ಪಟ್ಟಿ ಇದೆ. ಎಲ್ಲ ಥ್ರೆಡ್ಡುಗಳೂ ಅದನ್ನು, ಅದರ ವಿಳಾಸ ಇಟ್ಟ ಒಂದು ಸಾಮಾನ್ಯ ಪಾಯಿಂಟರಿನಿಂದ ಹುಡುಕಿಕೊಳ್ಳುತ್ತವೆ. ಮೊದಲು ಪಾಯಿಂಟರ್ ಓದುವುದು, ಆಮೇಲೆ ಅದರ ಎಣಿಕೆ ಏರಿಸುವುದು. ಈ ಎರಡರ ನಡುವೆ ಯಾರಾದರೂ ಹೊಸ ಪಟ್ಟಿ ಹಾಕಿ ಹಳೆಯದನ್ನು ಬಿಟ್ಟರೆ? ನಾನು ಏರಿಸಲು ಹೋಗುವ ಎಣಿಕೆಯೇ ಆಗ ಅಲ್ಲಿಲ್ಲ. ಎಣಿಕೆ ಎಷ್ಟೇ ಅಟಾಮಿಕ್ ಆಗಿರಲಿ, ಅದನ್ನು ಮುಟ್ಟುವವರೆಗೆ ಆ ವಸ್ತು ಬದುಕಿರುತ್ತದೆ ಅಂತ ಬೇರೆ ಯಾರೋ ಭರವಸೆ ಕೊಡಬೇಕು. ಬಿಲ್ಲೆಯ ಬೋರ್ಡೇ ಗಣಿಯ ಒಳಗಿದ್ದರೆ ಹೇಗೆ, ಹಾಗೆ. ಕರ್ನಲ್‌ನಲ್ಲಿ ಇದಕ್ಕೆ, ಓದುವವರು ಮುಗಿಸುವವರೆಗೆ ಹಳೆಯದನ್ನು ಬಿಡದೆ ಕಾಯುವ ಆರ್‌ಸಿಯು ಇದೆ, ಹಜಾರ್ಡ್ ಪಾಯಿಂಟರ್ ಅಂತ ಇನ್ನೊಂದು ವಿಧಾನ ಇದೆ. ಎರಡನ್ನೂ ಓದಿದೆ. ಚಂದದ ಕೆಲಸಗಳು, ಆದರೆ ಒಂದು ತಪ್ಪಿದರೆ ನಾನು ಮತ್ತೆ ಎರಡು ವಾರ ಕೂರಬೇಕು.

ಆ ಪಟ್ಟಿಯನ್ನು ಥ್ರೆಡ್ಡುಗಳು ನೋಡುವುದು ಸೆಕೆಂಡಿಗೆ ಒಂದು ಸಲ. ಅದಕ್ಕೆ ಒಂದು ಸಾದಾ ಮ್ಯೂಟೆಕ್ಸ್ ಹಾಕಿದೆ. ಬೀಗ ಹಾಕು, ಪಾಯಿಂಟರ್ ಓದು, ಎಣಿಕೆ ಏರಿಸು, ಬೀಗ ತೆಗಿ. ಪಟ್ಟಿ ಬದಲಿಸುವವರೂ ಅದೇ ಬೀಗ ಹಾಕಿಯೇ ಬದಲಿಸಬೇಕು. ಕೋಡ್ ನೋಡಿದ ಗೆಳೆಯರೊಬ್ಬರು ಇದು ನಿಧಾನ ಅಲ್ವಾ ಅಂತ ಕೇಳಿದರು. ಅಳೆದು ತೋರಿಸಿದೆ, ವ್ಯತ್ಯಾಸ ಕಾಣಲಿಲ್ಲ. ಆ ಬೀಗ ಇನ್ನೂ ಅಲ್ಲೇ ಇದೆ.